ಹಾಕದೇ ಉಳಿದ ರೊಟ್ಟಿ

ಬಿಸಿ ಊಟದ ಮುಂದೆ ನನಗೆ ತಾಳ್ಮೆಯೆಂಬುದಿಲ್ಲ. ಹಾಗಾಗಿ ಈಗಿನ ಹುಡುಗರು ತಟ್ಟೆ ಬಂದ ಮೇಲೂ ಕೈ ತಡೆದು ಕೂರುವುದನ್ನು ಕಂಡರೆ ಒಳಗೊಳಗೇ ಗೌರವ ಹುಟ್ಟುತ್ತದೆ. ಅವರು ಮೊದಲು ಉಣಿಸುವುದು ಫೋನಿಗೆ.

ಅಕ್ಕನ ಮಗಳು ವಿನುತಾ ದಾಂಡೇಲಿಯ ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಾಳೆ. ಯಾವುದೋ ರೀಲ್ ನೋಡಿದವಳು ನನ್ನನ್ನು ಮುಂಡಗೋಡಿಗೆ ಮೊಮೊ ತಿನ್ನಲು ಎಳೆದೊಯ್ದಳು. ಥೇಟ್ ಕಡುಬಿನ ಹಾಗಿತ್ತು. "ತುಪ್ಪ ಐತೇನ್ರಿ?" ಎಂದು ಅಭ್ಯಾಸಬಲದಿಂದ ಕೇಳಿದೆ. ಅಂಗಡಿಯ ಟಿಬೆಟಿ ಹೆಂಗಸು ನಗು ತಡೆದುಕೊಂಡು ಕೆಂಪು ಚಟ್ನಿ ಮುಂದಿಟ್ಟಳು. ವಿನುತಾ ಎದ್ದು ಕೂತು, ಬಗ್ಗಿ, ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುವಷ್ಟರಲ್ಲಿ ಮೊಮೊ ತಣ್ಣಗಾಯಿತು, ನಾನು ಬಿಸಿಯಾದೆ.

ಮಗಳು ಹಾಕುವುದನ್ನೆಲ್ಲ ಹಳಿಯಾಳದಲ್ಲಿ ಕೂತು ಅಕ್ಕ ತಪ್ಪದೇ ನೋಡುತ್ತಾಳೆ. ಒಮ್ಮೆ ನನಗೆ ಹೇಳಿಯೇಬಿಟ್ಟಳು: "ಮಂದಿ ಮಾಡಿದ್ದೆಲ್ಲಾ ಹಾಕ್ತಾಳೋ ತಮ್ಮಾ. ನನ್ನ ರೊಟ್ಟಿ ಒಂದ್ ಸರ್ತೀನೂ ಹಾಕಿಲ್ಲ. ನಾಚಿಕಿ ಬರ್ತೇತೇನೋ ಆಕಿಗೆ." ನಗುತ್ತಲೇ ಅಂದಳು. ನನಗೆ ಮಾತ್ರ ಸಂಕಟವಾಯಿತು.

ಕನ್ನಡದಲ್ಲಿ 'ಹಾಕು' ಎಂಬ ಪದದಷ್ಟು ದುಡಿಯುವ ಪದ ಇನ್ನೊಂದಿರಲಾರದು. ರಂಗೋಲಿ ಹಾಕುತ್ತೇವೆ, ಬೀಗ ಹಾಕುತ್ತೇವೆ, ಹಿಡಿಶಾಪವನ್ನೂ ಹಾಕುತ್ತೇವೆ. ಹಸಿದವರಿಗೆ ಅನ್ನ ಹಾಕುತ್ತಿದ್ದ ಅದೇ ಪದಕ್ಕೆ ಈಗ ಹೊಟ್ಟೆ ತುಂಬಿದವರಿಗೆ ಅನ್ನ ತೋರಿಸುವ ಕೆಲಸವೂ ಬಿದ್ದಿದೆ. ವಿನುತಾಳಿಗೆ ನಿಜಕ್ಕೂ ನಾಚಿಕೆಯೇ? ನೋಡಿಯೇಬಿಡೋಣವೆಂದು ಭಾನುವಾರ ಅವಳನ್ನು ಹಳಿಯಾಳಕ್ಕೆ ಕರೆದುಕೊಂಡು ಹೋದೆ. "ಇವತ್ತ ಅವ್ವನ ರೊಟ್ಟಿ ಹಾಕು" ಎಂದೆ.

ಅವಳು ಖುಷಿಯಿಂದಲೇ ಒಪ್ಪಿ ಫೋನನ್ನು ಗೋಡೆಗೆ ಒರಗಿಸಿದಳು. ಒಲೆಯ ಮುಂದಿದ್ದ ಅಕ್ಕ ಸೆರಗು ಸರಿಪಡಿಸಿಕೊಂಡಳು. ಉಬ್ಬಿದ ರೊಟ್ಟಿ ಹಂಚಿನಿಂದ ನೇರ ತಟ್ಟೆಗೆ ಬಂತು. ವಿನುತಾಳ ಕೈ ಫೋನಿಗೆ ಹೋಗಬೇಕಿತ್ತು, ರೊಟ್ಟಿಗೆ ಹೋಯಿತು. ಬೆರಳು ಸುಟ್ಟುಕೊಂಡು ಮುರಿದು ಎಣಗಾಯಿಗೆ ಅದ್ದಿಯೂ ಆಯಿತು.

"ಏ, ಮರತೆ! ಮುಂದಿಂದು ಹಾಕ್ತೇನಿ" ಎಂದಳು. ಮುಂದಿನದೂ ಹಾಗೆಯೇ ಹೋಯಿತು.

"ಪ್ರತಿ ಸರ್ತಿ ಹಿಂಗ ಆಗ್ತೇತಿ ಮಾಮಾ. ಅವ್ವನ ರೊಟ್ಟಿ ಮುಂದ ಕೈ ಎಲ್ಲಿ ತಡೀತೇತಿ?"

ಅಕ್ಕ ಕೇಳಿಸಿಕೊಂಡಳು. ಇನ್ನೊಂದು ರೊಟ್ಟಿ ಹಿಡಿದು ಮಗಳತ್ತ ತಿರುಗಿದಳು.

"ಹಾಕ್ಲೇನು?"

ಬಾಯಿ ತುಂಬಿದ್ದ ವಿನುತಾ ಸುಮ್ಮನೆ ತಟ್ಟೆ ಮುಂದೆ ಚಾಚಿದಳು.