ಕೆಂಚಪ್ಪನ ಹಸುವೂ ಫೋನಿನ ಕುದುರೆಯೂ

2024ರ ಬೇಸಿಗೆ. ದನದ ದಳ್ಳಾಳಿಯಾಗಿ ನನಗದು ಮೂವತ್ತೊಂದನೇ ವರ್ಷ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ತಾಲ್ಲೂಕಿನಲ್ಲಿ ಯಾರ ಕೊಟ್ಟಿಗೆಯಲ್ಲಿ ಯಾವ ಹಸು ಎಷ್ಟನೇ ಕರುವಿಗೆ ಗಬ್ಬವಾಗಿದೆ ಎಂದು ಕೇಳಿದರೆ ಕೂತಲ್ಲೇ ಹೇಳುತ್ತಿದ್ದೆ. ನಾನು ಓದಿದ್ದು ಏಳನೇ ಕ್ಲಾಸು. ಅಪ್ಪ ಬಿಟ್ಟುಹೋದದ್ದು ಒಂದು ಹಗ್ಗ, ಒಂದು ಬಾರುಕೋಲು. ಉಳಿದದ್ದನ್ನೆಲ್ಲ ಸಂತೆಯಲ್ಲಿ ನಿಂತು ನೋಡಿ ನೋಡಿಯೇ ಕಲಿತೆ.

ದಳ್ಳಾಳಿ ಎಂದರೆ ಮಾರುವವನನ್ನೂ ಕೊಳ್ಳುವವನನ್ನೂ ಕೂಡಿಸಿ, ಇಬ್ಬರಿಂದಲೂ ಕಮಿಷನ್ ತೆಗೆದುಕೊಳ್ಳುವವನು. ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವಲ್ಲಿನ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಹಿಡಿದು ಹೇಳುತ್ತೇವೆ. ಸುತ್ತ ನಿಂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ. ಹೊಸಬರು ಈ ಬೆರಳಾಟವೇ ವ್ಯಾಪಾರ ಎಂದುಕೊಳ್ಳುತ್ತಾರೆ. ಅಲ್ಲ. ಟವಲ್ ಹೊದಿಸುವ ಮೊದಲು ಅರ್ಧ ಗಂಟೆ ದನದ ಸುತ್ತ ಸುತ್ತುತ್ತೇವಲ್ಲ, ವ್ಯಾಪಾರ ಅಲ್ಲೇ ಮುಗಿದಿರುತ್ತದೆ.

ಹಾಗೆ ಸುತ್ತಿ ನೋಡುವುದರಲ್ಲಿ ಕೂಟಗಲ್ ಕಡೆಯ ಕೆಂಚಪ್ಪನನ್ನು ಮೀರಿಸಿದವರಿರಲಿಲ್ಲ. ನನ್ನ ವಾರಿಗೆಯವನು. ಹಲ್ಲು ನೋಡಿ ವಯಸ್ಸು, ಹೊಟ್ಟೆಯ ಕೆಳಗಿನ ನರ ಮುಟ್ಟಿ ಹಾಲು, ನಾಲ್ಕು ಹೆಜ್ಜೆ ನಡೆಸಿ ಕಾಲಿನ ನೋವು ಹೇಳುತ್ತಿದ್ದ. ಮೈಮೇಲೆ ಕೂದಲು ಸುತ್ತಿಕೊಂಡಿರುತ್ತದಲ್ಲ, ಆ ಸುಳಿಗಳನ್ನು ನೋಡಿ ದನ ಮನೆಗೆ ಆಗಿಬರುತ್ತದೋ ಇಲ್ಲವೋ ಎಂದೂ ಹೇಳುತ್ತಿದ್ದ. ಅವನ ಅಪ್ಪ ಚನ್ನಪಟ್ಟಣದಲ್ಲಿ ಜಟಕಾ ಓಡಿಸುತ್ತಿದ್ದುದರಿಂದ ಕುದುರೆಯೂ ಗೊತ್ತು. ದನ ಕೊಳ್ಳುವವರು ಅವನಿಗೆ ಕೂಲಿ ಕೊಟ್ಟು ಕರೆದುಕೊಂಡು ಹೋಗುತ್ತಿದ್ದರು. ಅವನು ತಲೆ ಆಡಿಸಿದ ಮೇಲೆ ನಾನು ಟವಲ್ ತೆಗೆಯುತ್ತಿದ್ದೆ.

ಯುಗಾದಿ ಕಳೆದ ಮೇಲೊಂದು ಶುಕ್ರವಾರ ಬೆಳಗ್ಗೆ ಕೆಂಚಪ್ಪ ನನ್ನ ಮನೆಗೆ ಬಂದ.

“ಲೇ ಶಿವ, ಕೆಂದೀನ ಕೊಟ್ಬುಡಬೇಕು ಕಣ್ಲಾ. ಸೋಮವಾರದೊಳಗೆ ಗಿರಾಕಿ ನೋಡು.”

ಕೆಂದಿ ಅವನ ಮನೆಯ ಜೆರ್ಸಿ ಹಸು. ಎರಡನೇ ಕರುವಿಗೆ ಎಂಟು ತಿಂಗಳ ಗಬ್ಬ. ಮೊದಲ ಕರುವಿನಲ್ಲೇ ದಿನಕ್ಕೆ ಹದಿನಾಲ್ಕು ಲೀಟರ್ ಕರೆದ ಹಸು. ಅಂಥ ಮಾಲು ಬಾಗಿಲಿಗೆ ಬಂದರೆ ಯಾವ ದಳ್ಳಾಳಿಗೂ ಕೈ ಸುಮ್ಮನಿರುವುದಿಲ್ಲ. ಅಲ್ಲೇ ನಿಂತು ಬೈರಮಂಗಲದ ರುದ್ರಪ್ಪನವರಿಗೆ ಫೋನ್ ಮಾಡಿದೆ. ಎರಡು ವರ್ಷದಿಂದ ಅವರು ಆ ಹಸುವಿನ ಮೇಲೆ ಕಣ್ಣಿಟ್ಟಿದ್ದರು. ಐದು ನಿಮಿಷದಲ್ಲಿ ಬೆಲೆ ಎಂಬತ್ತೆರಡು ಸಾವಿರಕ್ಕೆ ನಿಂತಿತು. ಸಾವಿರದ ಒಂದು ರೂಪಾಯಿ ಮುಂಗಡ ನನ್ನ ಫೋನಿಗೆ ಬಂದೂಬಿಟ್ಟಿತು. ನಮ್ಮ ಕಸುಬಿನಲ್ಲಿ ಮುಂಗಡ ಹಿಡಿದ ಮೇಲೆ ಮಾತು ತಿರುಗಿಸುವಂತಿಲ್ಲ. ತಿರುಗಿಸಿದ ದಳ್ಳಾಳಿಯನ್ನು ಸಂತೆಯಲ್ಲಿ ಯಾರೂ ಮತ್ತೆ ಕರೆಯುವುದಿಲ್ಲ.

ಆಮೇಲೆ ಕೇಳಿದೆ, ಯಾಕೆ ಮಾರುತ್ತಿದ್ದೀಯ ಎಂದು. ಮೊದಲು ಕೇಳಬೇಕಾದದ್ದನ್ನು ಆಮೇಲೆ ಕೇಳಿದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

“ಕುದ್ರೆಗೆ” ಎಂದ.

“ಕುದ್ರೆ ತಗೊಂತೀಯೇನ್ಲಾ?”

“ತಗೊಳ್ಳದಲ್ಲ, ಕಟ್ಟೋದು” ಎಂದು ಜೇಬಿನಿಂದ ಫೋನ್ ತೆಗೆದ.

ಅದೊಂದು ಆನ್‌ಲೈನ್ ಕ್ಯಾಸಿನೊ ಆ್ಯಪ್. ಅದರಲ್ಲಿ ‘ವರ್ಚುವಲ್ ರೇಸ್’ ಎಂಬ ಆಟ. ನಿಜವಾದ ಮೈದಾನವೂ ಇಲ್ಲ, ಕುದುರೆಯೂ ಇಲ್ಲ. ಕಂಪ್ಯೂಟರ್ ಬರೆದ ಎಂಟು ಕುದುರೆಗಳು ಮೂರು ಮೂರು ನಿಮಿಷಕ್ಕೊಮ್ಮೆ ಓಡುತ್ತವೆ. ಹಗಲೂ ಓಟ, ರಾತ್ರಿಯೂ ಓಟ. ಓಟಕ್ಕೆ ಮುಂಚೆ ಒಂದು ನಂಬರಿನ ಮೇಲೆ ಹಣ ಕಟ್ಟಬೇಕು. ಹಣ ಕಟ್ಟಿ ಆಡುವ ಇಂಥ ಆಟಗಳನ್ನು ಮರುವರ್ಷ ಸರ್ಕಾರ ಕಾನೂನು ತಂದು ನಿಷೇಧಿಸಿತು. ಆ ಬೇಸಿಗೆಯಲ್ಲಿ ಮಾತ್ರ ಟೀ ಅಂಗಡಿ ಟೀ ಅಂಗಡಿಯಲ್ಲೂ ಇದರದೇ ಮಾತು.

ಬೇರೆಯವರು ಅದೃಷ್ಟ ನಂಬಿ ಆಡುತ್ತಿದ್ದರು, ಕೆಂಚಪ್ಪ ತನ್ನ ಕಣ್ಣು ನಂಬಿ ಆಡಿದ್ದ. ಓಟಕ್ಕೆ ಮುಂಚೆ ಕುದುರೆಗಳು ಸಾಲಾಗಿ ನಡೆದು ಬರುತ್ತವಲ್ಲ, ಆಗ ಎದೆ, ಕಾಲು, ನಡಿಗೆ ನೋಡಿ ಆರಿಸುತ್ತಿದ್ದನಂತೆ. ಮೊದಲ ವಾರ ಎರಡು ಸಲ ಗೆದ್ದ. ಅಲ್ಲಿಗೆ ಅವನ ತಲೆ ಕೆಟ್ಟಿತು. ನಾಲ್ಕು ತಿಂಗಳಲ್ಲಿ ಮೂವತ್ತೆಂಟು ಸಾವಿರ ಹೋಗಿತ್ತು.

“ಸಣ್ಣಪುಟ್ಟ ಕಟ್ಟಿದ್ಕೆ ಹೋಯ್ತು ಕಣ್ಲಾ. ಕೆಂದಿ ದುಡ್ಡ ಒಂದೇ ಸಲ ಹಾಕಿದ್ರೆ ಎರಡು ಹಸ ತಂದು ಕಟ್ತೀನಿ.”

“ಜಯಮ್ಮಂಗೆ ಗೊತ್ತಾ?”

ಅವನು ಫೋನನ್ನು ಜೇಬಿಗೆ ಇಳಿಸಿದ. ಅವನ ಹೆಂಡತಿ ಜಯಮ್ಮ ಸಂಘದ ಸಾಲ ತೆಗೆದು ತಂದ ಹಸು ಅದು. ಸಾಲ ತೀರಿಸಿದ್ದೂ ಅವಳೇ, ಡೇರಿಯ ಪುಸ್ತಕವೂ ಅವಳ ಹೆಸರಿನಲ್ಲೇ. ಅವಳು ತಂಗಿಯ ಮನೆಯ ಮದುವೆಗೆ ಹೋಗಿದ್ದಳು, ಸೋಮವಾರ ಮಧ್ಯಾಹ್ನ ಬರುವುದಿತ್ತು. ಅಷ್ಟರೊಳಗೆ ಹಸು ಸಾಗಿಸಬೇಕೆಂಬುದು ಇವನ ಲೆಕ್ಕ.

ಬುದ್ಧಿ ಹೇಳಿದರೆ ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಓದುಗರೇ, ಇದನ್ನು ಗಟ್ಟಿಯಾಗಿ ನೆನಪಿಡಿ: ತಾನೇ ಜಾಣ ಎಂದುಕೊಂಡವನಿಗೆ ಬುದ್ಧಿ ಹೇಳಬಾರದು, ಅವನ ಜಾಣತನ ತೋರಿಸು ಎನ್ನಬೇಕು.

“ಆಯ್ತು ಕೆಂಚ, ಸೋಮವಾರ ಹಸ ಕಳ್ಸೋಣ. ನಂಗೆ ಕಮಿಷನ್ನೂ ಬ್ಯಾಡ. ಅದ್ಕೆ ಮುಂಚೆ ನಂಗೂ ನಿನ್ನ ಕುದ್ರೆ ಒಸಿ ತೋರ್ಸು. ನಿನ್ನ ಕಣ್ಣು ನಂಬಿ ನಾನೂ ಕಟ್ಟಬೌದು.”

ಅವನ ಮುಖ ಊರಗಲ ಆಯಿತು. “ಹಂಗೆ ಬಾ ದಾರಿಗೆ!”

“ಆದ್ರೆ ಈ ಬೆಂಕಿಪೊಟ್ಣದಷ್ಟು ಪರದೇಲಿ ನಂಗೆ ಕಾಣಕ್ಕಿಲ್ಲ. ನಯಾಜ್ ಅಂಗ್ಡೀಲಿ ದೊಡ್ಡ ಟಿವಿ ಐತೆ, ಅಲ್ಲಿ ಹಾಕ್ಸಣ.”

ನಿಜ ಹೇಳುತ್ತೇನೆ, ನನಗೆ ಆಗ ಯಾವ ಉಪಾಯವೂ ಹೊಳೆದಿರಲಿಲ್ಲ. ಚೌಕಾಸಿಯಲ್ಲಿ ಕಾಲ ತಳ್ಳುವುದೂ ಒಂದು ಪಟ್ಟು, ಅಷ್ಟೆ.

ನಯಾಜ್ ರಾಮನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ನನ್ನ ಹಳೆಯ ಸ್ನೇಹಿತ. ಶನಿವಾರ ಹನ್ನೊಂದು ಗಂಟೆಗೆ ಇಬ್ಬರೂ ಹೋದೆವು. ಅವನು ಕೆಂಚಪ್ಪನ ಫೋನನ್ನು ನಲವತ್ತಮೂರು ಇಂಚಿನ ಟಿವಿಗೆ ಜೋಡಿಸಿದ. ನನ್ನದು ಒಂದೇ ಷರತ್ತು: ಇವತ್ತು ಹಣ ಕಟ್ಟುವಂತಿಲ್ಲ, ಬಾಯಲ್ಲಿ ಮಾತ್ರ ಹೇಳಬೇಕು.

ಕುದುರೆಗಳು ಸಾಲಾಗಿ ಬಂದವು. ಕೆಂಚಪ್ಪ ಸಂತೆಯಲ್ಲಿ ನಿಂತ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು ನಿಂತ.

“ಮೂರನೇ ನಂಬ್ರು ನೋಡ್ಲಾ. ಎದೆ ಹೆಂಗೈತೆ! ನಮ್ಮಪ್ಪನ ಜಟಕಾ ಕುದ್ರೆಗೂ ಇಂಥದೇ ಎದೆ.”

ಮೂರನೇ ನಂಬರು ಏಳನೆಯದಾಗಿ ಬಂತು.

“ಮೇಲೆ ಕೂತವ್ನು ಲಗಾಮು ಎಳ್ದ. ಈ ಸಲ ನೋಡು, ಆರು.”

ಆರು ಕಡೆಯದಾಗಿ ಬಂತು. ನಯಾಜ್ ನಗು ತಡೆದುಕೊಂಡು ಕೇಳಿದ: “ಕೆಂಚಣ್ಣಾ, ಈ ಸಲಾನೂ ಲಗಾಮೇನಾ?”

“ಸುಮ್ಕಿರಿ ಸಾಬ್ರೆ. ನಿಮಗೆ ಸಿಮ್ಮು ಗೊತ್ತು, ನಂಗೆ ಸುಳಿ ಗೊತ್ತು. ಟಿವಿ ಹತ್ರ ಹೋಗಿ ಸುಳೀನೇ ನೋಡ್ಬುಡ್ತೀನಿ.”

ಕನ್ನಡಕ ಏರಿಸಿ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋದ. ಮೂರನೆಯ ಓಟ ಶುರುವಾಯಿತು. ಅವನು ಯಾವ ನಂಬರೂ ಹೇಳಲಿಲ್ಲ. ಒಂದು ಕುದುರೆಯಿಂದ ಇನ್ನೊಂದಕ್ಕೆ ಕಣ್ಣು ಓಡಿಸುತ್ತ ಮೆಲ್ಲಗೆ ಬಾಗಿದ. ಮೋಸದ ಮಾಲು ಕಂಡಾಗ ಅವನು ಹಾಗೆ ಬಾಗುವುದನ್ನು ನಾನು ನೂರು ಸಲ ನೋಡಿದ್ದೇನೆ.

“ನಯಾಜು, ಇದ್ನ ನಿಲ್ಸಕ್ಕೆ ಆಯ್ತದಾ?”

ನಯಾಜ್ ಆ ಓಟವನ್ನು ರೆಕಾರ್ಡ್ ಮಾಡಿಕೊಂಡಿದ್ದ. ಹಿಂದಕ್ಕೆ ತಿರುಗಿಸಿ ನಿಲ್ಲಿಸಿದ. ಕೆಂಚಪ್ಪ ಬೆರಳಿಟ್ಟು ಎಣಿಸತೊಡಗಿದ.

“ಲೇ ಶಿವ, ಇಲ್ಲಿ ಬಾರ್ಲಾ. ಎಂಟೂ ಅದೇ ಮುಂಗಾಲು ಎತ್ತವೆ. ಎಂಟರ ಕಿವೀನೂ ಒಂದೇ ಕಡೀಕೆ ತಿರುಗೈತೆ. ಭುಜದ ಮೇಲಿನ ಈ ಗೆರೆ ನೋಡು, ಕರೀದ್ರಲ್ಲೂ ಐತೆ, ಕೆಂಚುದ್ರಲ್ಲೂ ಐತೆ, ಬಿಳೀದ್ರಲ್ಲೂ ಐತೆ. ಎಂಟು ಕುದ್ರೆ ಅಲ್ಲ ಕಣ್ಲಾ ಇದು! ಒಂದೇ ಕುದ್ರೆ! ಎಂಟು ಬಣ್ಣ ಬಳ್ದವ್ನೆ ಕಳ್ನನ್ಮಗ!”

ಮುದಿ ಎತ್ತಿನ ಕೊಂಬು ಹೆರೆದು ಎಣ್ಣೆ ಹಚ್ಚುವುದು, ಆಗಿಬರದ ಬಿಳಿ ಮಚ್ಚೆಗೆ ಬಣ್ಣ ಬಳಿಯುವುದು ನಮ್ಮ ಸಂತೆಯ ಹಳೆಯ ಮೋಸಗಳು. ಅವನ್ನು ಹಿಡಿಯುವುದರಲ್ಲೇ ಕೆಂಚಪ್ಪನಿಗೆ ಹೆಸರು. ಅಂಥವನಿಗೆ ಯಾರೋ ನಾಲ್ಕು ತಿಂಗಳಿಂದ ಬಣ್ಣ ಬಳಿದ ಮಾಲು ತೋರಿಸಿದ್ದಾನೆ! ಮೂವತ್ತೆಂಟು ಸಾವಿರ ಹೋದದ್ದಕ್ಕೆ ಬಾರದ ಸಿಟ್ಟು ಆಗ ಬಂತು.

ನಯಾಜ್ ಅವನನ್ನು ಕೂರಿಸಿ ಟೀ ತರಿಸಿದ. “ಎಂಟು ಬೇರೆ ಬೇರೆ ಕುದುರೆ ಬರೆದಿದ್ರೂ ಅಷ್ಟೇ ಕೆಂಚಣ್ಣ. ಇದರೊಳಗೆ ರ‍್ಯಾಂಡಮ್ ನಂಬರ್ ಜನರೇಟರ್ ಅಂತ ಒಂದು ಪ್ರೋಗ್ರಾಮ್ ಇರ್ತದೆ. ಯಾವ ನಂಬರ್ ಗೆಲ್ಲಬೇಕು ಅಂತ ಅದು ಮೊದಲೇ ಚೀಟಿ ಎತ್ತಿಬಿಟ್ಟಿರ್ತದೆ. ಓಟ ಬರೀ ತಮಾಷೆಗೆ.”

“ಅಂಗಾರೆ ನಾನು ಕಾಲು ನೋಡಿದ್ದು?”

“ಪೋಸ್ಟರ್‌ನಲ್ಲಿರೋ ಹಸುವಿನ ಕೆಚ್ಚಲು ಅಮುಕಿದ ಹಾಗೆ.”

ಅಂಗಡಿಗೆ ಬಂದಿದ್ದ ಗಿರಾಕಿಗಳೆಲ್ಲ ನಕ್ಕರು. ಸ್ವಲ್ಪ ಹೊತ್ತು ಗುರಾಯಿಸಿದ ಕೆಂಚಪ್ಪ ಆಮೇಲೆ ತಾನೂ ನಕ್ಕ. ಎಷ್ಟು ನಕ್ಕನೆಂದರೆ ಲೋಟದ ಟೀ ಪಂಚೆಯ ಮೇಲೆ ಚೆಲ್ಲಿತು. “ತೆಗ್ದಾಕು ಈ ದರಿದ್ರಾನ” ಎಂದು ಫೋನನ್ನು ನಯಾಜನ ಕೈಗಿಟ್ಟ. ಆ್ಯಪ್ ಅಲ್ಲೇ ಹೋಯಿತು.

ಆದರೆ ಹಸು ಇನ್ನೂ ಉಳಿದಿರಲಿಲ್ಲ. ಮುಂಗಡ ನನ್ನ ಹತ್ತಿರವಿತ್ತು. ಜಯಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಮದುವೆ ಊಟ ಬಿಟ್ಟು ಭಾನುವಾರ ಸಂಜೆಗೇ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ. ಗಂಡನ ಮುಂದೆ ಕೂತು ಒಂದೊಂದೇ ಕೇಳಿದಳು.

“ನನ್ನ ನೋಡಕ್ಕೆ ಬಂದಾಗ ನಡಿಸಿ ನೋಡಿದ್ರಿ, ಕೂರಿಸಿ ನೋಡಿದ್ರಿ. ನಿಮ್ಮವ್ವ ಜಡೆ ಎಳ್ದು ನಿಜವಾದ ಕೂದಲಾ ಅಂತ್ಲೂ ನೋಡಿದ್ರು. ಕುದ್ರೇನ ಯಾಕೆ ಒಂದ್ಸಲಾನೂ ಎಳ್ದು ನೋಡ್ಲಿಲ್ಲ?”

ಅವಳು ನನ್ನ ಕಡೆ ತಿರುಗಿದಳು.

“ನೀವೂ ಸರಿಹೋದ್ರಿ ಶಿವಣ್ಣ. ನನ್ನ ಹಸೀಗೆ ನನ್ನ ಕೇಳ್ದೆ ಬೆಲೆ ಕಟ್ಟಿದ್ರಲ್ಲ.”

ಕಡೆಗೆ ಅವಳೇ ತೀರ್ಪು ಕೊಟ್ಟಳು: ಹೋದ ಮೂವತ್ತೆಂಟು ಸಾವಿರ ದುಡಿದು ತರುವ ತನಕ ಬೆಳಗಿನ ಸಗಣಿ ಬಾಚುವುದು, ಕೆಂದಿ ಕರು ಹಾಕಿದ ಮೇಲೆ ಹಾಲು ಕರೆಯುವುದು, ಡೇರಿಗೆ ಹೊರುವುದು ಎಲ್ಲ ಕೆಂಚಪ್ಪನದು.

ಸೋಮವಾರ ಬೆಳಗ್ಗೆ ರುದ್ರಪ್ಪನವರು ಟೆಂಪೋ ತಂದರು. ನಾನು ಮುಂಗಡದ ಎರಡರಷ್ಟು ಮುಂದಿಟ್ಟು ಕೈ ಮುಗಿದೆ. ಅವರು ಹಣ ಮುಟ್ಟಲಿಲ್ಲ.

“ದುಡ್ಡು ಯಾರಿಗ್ ಬೇಕು ಶಿವಣ್ಣ? ಮಾತು ಅಂದ್ರೆ ಮಾತು. ಹಸ ಬಿಚ್ಚಿ.”

ಜಯಮ್ಮ ಹಸು ಕಟ್ಟಿದ್ದ ಗೊಂತಿನ ಮುಂದೆ ಬಂದು ನಿಂತಳು. “ಹಸ ಟೆಂಪೋ ಹತ್ತೋದಾದ್ರೆ ನಾನೂ ಹತ್ತೀನಿ ಯಜಮಾನ್ರೆ. ಮೂರೊತ್ತು ಮುದ್ದೆ ಹಾಕಕ್ಕೆ ಒಪ್ಪಿಗೆ ಐತಾ?”

ರುದ್ರಪ್ಪನವರ ಮೀಸೆ ಸ್ವಲ್ಪ ಅಲುಗಿತು. ಗಿರಾಕಿಯ ಮೀಸೆ ಅಲುಗಿದಾಗ ತಡ ಮಾಡಬಾರದು. ಹೆಗಲಿನ ಟವಲ್ ತೆಗೆದು ಅವರ ಕೈ ಮೇಲೆ ಹೊದಿಸಿದೆ. ಅದರ ಕೆಳಗೆ ನನ್ನ ಕೈ ಇಡಲಿಲ್ಲ, ಕೆಂಚಪ್ಪನ ಕೈ ಹಿಡಿದು ಇಟ್ಟೆ.

“ದುಡ್ಡಿನ ಬದ್ಲು ಇದ್ನ ಹಿಡ್ಕಳಿ. ನಾಲ್ಕು ದಿನ ಇವನ ಕಣ್ಣು ನಿಮ್ದು. ಕೆಂದಿಗಿಂತ ಒಂದು ಕೂದಲು ಕಮ್ಮಿ ಇಲ್ದ ಹಸ, ಕಮ್ಮಿ ಬೆಲೇಲಿ ಹುಡುಕಿ ಕೊಡ್ತೀವಿ. ಆಗ್ನಿಲ್ಲ ಅಂದ್ರೆ ನನ್ನ ಕೊಟ್ಟಿಗೇಲಿರೋ ಹಸೀನ ಹೊಡ್ಕೊಂಡ್ ಹೋಗಿ.”

“ಯಾವ ಕಣ್ಣು? ಕುದ್ರೆ ನೋಡಿದ್ದೇನಾ?” ಎಂದರು ರುದ್ರಪ್ಪ. ಸುದ್ದಿ ಆಗಲೇ ಬೈರಮಂಗಲ ಮುಟ್ಟಿತ್ತು. ಆದರೂ ಕೈ ಬಿಡಲಿಲ್ಲ. ನಕ್ಕು, ಕೆಂಚಪ್ಪನ ನಾಲ್ಕು ಬೆರಳು ಒಟ್ಟಿಗೆ ಅಮುಕಿದರು. ನಾಲ್ಕು ದಿನ.

ಮೂರು ದಿನ ಸುತ್ತಿದೆವು. ಚನ್ನಪಟ್ಟಣದ ಕಡೆ ಎರಡು, ಕನಕಪುರದ ಕಡೆ ಮೂರು ಹಸು ನೋಡಿ ಕೆಂಚಪ್ಪ ಬೇಡ ಎಂದ. ಒಂದರಲ್ಲಿ ನನಗೆ ಯಾವ ಐಬೂ ಕಾಣಲಿಲ್ಲ. ಅವನು ಹಿಂಡಿ ನೋಡಿ, ಹಿಂದಿನ ಎಡ ಮೊಲೆಯಲ್ಲಿ ಹಾಲು ತಡೆಯುತ್ತಿದೆ ಎಂದು ತೋರಿಸಿದ. ನಾಲ್ಕನೇ ದಿನ ಮಾಗಡಿಯ ಕೆಂಪಾಪುರದಲ್ಲಿ ಒಂದು ಹಸುವಿನ ಸುತ್ತ ಒಂದು ಗಂಟೆ ಸುತ್ತಿದ. ಬಾಯಿ ಬಿಡಿಸಿದ, ನಡೆಸಿದ, ಹೊಟ್ಟೆಗೆ ಅಂಗೈ ಒತ್ತಿ ಕರು ಒದೆಯುವುದನ್ನು ಕಾದ. ಕರು ಒದೆಯಿತು. ಮುಖ ಎತ್ತಿ ನನ್ನನ್ನು ನೋಡಿದನಲ್ಲ, ಎರಡು ಸಲ ಫೋನಿನಲ್ಲಿ ಗೆದ್ದಾಗಲೂ ಆ ನಗು ಬಂದಿರಲಾರದು. ಕೆಂದಿಗಿಂತ ನಾಲ್ಕು ಸಾವಿರ ಕಡಿಮೆಗೆ ಮುಗಿಸಿದೆವು. ರುದ್ರಪ್ಪನವರು ಕೆಂಚಪ್ಪನ ಬೆನ್ನು ತಟ್ಟಿ, “ಇನ್ಮೇಲೆ ನಮ್ಮನೆ ದನಕ್ಕೆಲ್ಲ ನೀನೇ ಬಾರಪ್ಪ” ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಮೂರು ವಾರದ ಮೇಲೆ ಕೆಂದಿ ಹೆಣ್ಣುಕರು ಹಾಕಿತು. ಮರುದಿನ ಜಯಮ್ಮ ಒಂದು ಸ್ಟೀಲ್ ಡಬ್ಬಿ ತುಂಬ ಏಲಕ್ಕಿ, ಬೆಲ್ಲ ಹಾಕಿದ ಗಿಣ್ಣು ಕಳಿಸಿದಳು. ಹೊತ್ತು ತಂದವನು ಕೆಂಚಪ್ಪ. ಮೈಯೆಲ್ಲ ಸಗಣಿಯ ವಾಸನೆ, ಮುಖ ಮಾತ್ರ ಮದುವೆ ಗಂಡಿನದು. ಇಬ್ಬರೂ ಜಗಲಿಯ ಮೇಲೆ ಕೂತು ಒಂದೇ ಡಬ್ಬಿಯಿಂದ ತಿಂದೆವು.

ಅಲ್ಲಿಯತನಕ ನಾನು ಎಷ್ಟು ವ್ಯಾಪಾರ ಮುಗಿಸಿದೆ ಎಂಬುದರಲ್ಲೇ ನನ್ನ ಬೆಲೆ ಅಳೆಯುತ್ತಿದ್ದೆ. ಮುರಿದ ವ್ಯಾಪಾರ ಎಂದರೆ ನಷ್ಟ ಎಂದೇ ತಿಳಿದಿದ್ದೆ. ಈ ಒಂದು ವ್ಯಾಪಾರ ಮುರಿದು ಬದುಕಿಕೊಂಡೆ. ಈಗ ಯಾರಾದರೂ ಮಾರುತ್ತೇನೆ ಎಂದು ಬಂದರೆ, ಫೋನ್ ಮಾಡುವ ಮೊದಲು ಅವರ ಮನೆಗೆ ಹೋಗಿ ಒಂದು ಲೋಟ ನೀರು ಕೇಳುತ್ತೇನೆ. ಆ ದನಕ್ಕೆ ದಿನಾ ಹುಲ್ಲು ಹಾಕುವವರು ಯಾರು ಎಂದು ನೋಡಿ, ಅವರ ಬಾಯಿಂದ ಹೂಂ ಎನ್ನಿಸಿಕೊಂಡ ಮೇಲೆಯೇ ಗಿರಾಕಿಯ ಹೆಸರು ಎತ್ತುತ್ತೇನೆ. ಇದರಿಂದ ವರ್ಷಕ್ಕೆ ಐದಾರು ವ್ಯಾಪಾರ ತಪ್ಪುತ್ತವೆ. ತಪ್ಪಲಿ. ಈ ಕಸುಬಿಗೆ ಹೊಸದಾಗಿ ಬರುವವರೇ, ನೀವೂ ಹಾಗೇ ಮಾಡಿ.