ಮೂಗಮ್ಮನ ಷೇರುಗಳು

ದೊಡ್ಡಮ್ಮ ಷೇರು ಕೊಂಡದ್ದು ಲಾಭಕ್ಕಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೆಂಟರಲ್ಲಿ ಅರ್ಧ ಜನ ಅವಳಿಗೆ ಮುಪ್ಪಿನಲ್ಲಿ ದುಡ್ಡಿನಾಸೆ ಹತ್ತಿತು ಎಂದೇ ಇವತ್ತಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವರ ಬಾಯಿಗೆ ಬೀಗ ಹಾಕುವುದು ನನ್ನ ಕೆಲಸವಲ್ಲ.

ನನ್ನ ಅಮ್ಮನ ಅಕ್ಕ ಅವಳು. ಇಪ್ಪತ್ತಾರು ವರ್ಷ ಡಾಗ್ ಫುಡ್ ಫ್ಯಾಕ್ಟರಿಯಲ್ಲಿ ಮೂಸುವ ಕೆಲಸ ಮಾಡಿದಳು. ನಗಬೇಡಿ. ಹೊಸದಾಗಿ ತಯಾರಾದ ಮಾಲಿನಿಂದ ಒಂದು ಹಿಡಿ ಕಾಳು ತೆಗೆದು, ಬಟ್ಟಲಿಗೆ ಹಾಕಿ, ಬಿಸಿನೀರು ಸುರಿದು, ಮೇಲೊಂದು ತಟ್ಟೆ ಮುಚ್ಚಿ ಮೂರು ನಿಮಿಷ ಕಾಯುತ್ತಿದ್ದಳು. ಆಮೇಲೆ ತಟ್ಟೆ ಸರಿಸಿ ಮೂಸುತ್ತಿದ್ದಳು. ಒಣ ಕಾಳು ಮೂಸಿದರೆ ಏನೂ ತಿಳಿಯುವುದಿಲ್ಲ. ಮೇಲೆ ಮಾಂಸದ ಸಾರಿನ ಪುಡಿ ಹಚ್ಚಿರುತ್ತಾರೆ, ಅದು ಒಳಗಿನ ಹುಳುಕನ್ನೆಲ್ಲ ಮುಚ್ಚಿಹಾಕುತ್ತದೆ. ಕೊಬ್ಬು ಕೆಟ್ಟಿದ್ದರೆ ಅದರ ಕಮಟು ವಾಸನೆ ಏಳುವುದು ಬಿಸಿನೀರು ಬಿದ್ದ ಮೇಲೇ. ಬೇಡವೆಂದ ಮೂಟೆಗೆ ದೊಡ್ಡಮ್ಮ ಕೆಂಪು ದಾರ ಕಟ್ಟುತ್ತಿದ್ದಳು. ದಾರವಿದ್ದ ಮೂಟೆಯನ್ನು ಲಾರಿಯವರು ಮುಟ್ಟುತ್ತಿರಲಿಲ್ಲ. ಅಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಮೂಗಮ್ಮ ಎಂದೇ.

ಆಮೇಲೆ ಯಜಮಾನರ ಅಳಿಯ ಮ್ಯಾನೇಜರ್ ಆಗಿ ಬಂದ. ಒಂದು ದಿನ ದೊಡ್ಡಮ್ಮ ನಲವತ್ತು ಮೂಟೆಗೆ ದಾರ ಕಟ್ಟಿದ್ದಳು. ಇವನು ಕತ್ತರಿ ತರಿಸಿ, ಅಷ್ಟನ್ನೂ ತಾನೇ ಕತ್ತರಿಸಿ ಲಾರಿ ಹತ್ತಿಸಿದ. ಎರಡು ವಾರದಲ್ಲಿ ನಾಯಿಗಳು ವಾಂತಿ ಮಾಡಿಕೊಂಡವು, ಕೆಲವು ಸತ್ತವು. ಜನ ಸತ್ತ ನಾಯಿಗಳ ಬೆಲ್ಟುಗಳನ್ನು ತಂದು ಗೇಟಿಗೆ ನೇತುಹಾಕಿ ಹೋದರು. ಅವರೆದುರಿಗೇ ಅಳಿಯ ದೊಡ್ಡಮ್ಮನನ್ನು ನಿಲ್ಲಿಸಿಕೊಂಡು, "ಪರೀಕ್ಷೆ ಮಾಡಿದ್ದು ಇವರು. ಮೂಗಿಗೆ ವಯಸ್ಸಾಗಿದೆ, ನಾವು ಗಮನಿಸಲಿಲ್ಲ," ಎಂದ. ಒಬ್ಬ ಹೆಂಗಸು ಅವಳ ಮುಖಕ್ಕೆ ಉಗಿದಳಂತೆ. ದೊಡ್ಡಮ್ಮ ಸೆರಗಿನಿಂದ ಒರೆಸಿಕೊಂಡು, ಕೆಲಸವನ್ನೂ ಕಳೆದುಕೊಂಡು ಮನೆಗೆ ಬಂದಳು.

ಅವಳು ಅಳಲಿಲ್ಲ. ಅತ್ತಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತೇನೋ.

ಮಾವ ತೀರಿಕೊಂಡ ಮೇಲೆ ಕಂಪನಿಗೆ ಅಳಿಯನೇ ಅಧ್ಯಕ್ಷನಾದ. ಚೀಲಗಳ ಮೇಲೆ ಅವನ ಫೋಟೋ ಬಂತು. ಹಿಡಿ ತುಂಬ ಒಣ ಕಾಳು ಹಿಡಿದು ಕಣ್ಣುಮುಚ್ಚಿ ಮೂಸುತ್ತಿದ್ದಾನೆ, ಕೆಳಗೆ, "ನಾನು ಮೂಸದೆ ಒಂದು ಚೀಲವೂ ಹೊರಬೀಳದು." ಅದನ್ನು ಕಂಡ ದಿನ ದೊಡ್ಡಮ್ಮ ಊಟ ಬಿಟ್ಟಳು. ಕೆಲಸ ಕಿತ್ತುಕೊಂಡದ್ದನ್ನಾದರೂ ಮರೆಯುತ್ತಿದ್ದಳು, ಮೂಗನ್ನೇ ಕದ್ದನಲ್ಲ.

ಮರುವರ್ಷ ಕಂಪನಿ ಷೇರು ಮಾರುಕಟ್ಟೆಗೆ ಬಂತು. ನನ್ನಪ್ಪ ಪೇಪರ್ ಹಿಡಿದು ಉಪದೇಶಕ್ಕೆ ಕೂತರು. "ಅತ್ತಿಗೆ, ಸಾಕುಪ್ರಾಣಿ ಕಂಪನಿಗಳಿಗೆ ಈಗ ಒಳ್ಳೇ ಕಾಲ. ಜನ ತಮ್ಮ ಮಾತ್ರೆಗೆ ಹಿಂದೆಮುಂದೆ ನೋಡ್ತಾರೆ, ನಾಯಿದಾದ್ರೆ ಯೋಚ್ನೇನೇ ಮಾಡಲ್ಲ. ಗಾಳಿ ಬಂದಾಗ ತೂರ್ಕೋಬೇಕು. ಆದ್ರೆ ಎಲ್ಲಾ ಒಂದೇ ಕಡೆ ಹಾಕ್ಬೇಡಿ. ಔಷಧಿ ಮಾಡೋರದ್ದು ಒಂದಿಷ್ಟು, ಬೆಕ್ಕಿನ ಕಕ್ಕಸಿಗೆ ಹಾಕೋ ಮರಳು ಮಾಡೋರದ್ದು ಒಂದಿಷ್ಟು..."

"ನಂಗೆ ಅವನದ್ದೇ ಬೇಕು," ಎಂದಳು ದೊಡ್ಡಮ್ಮ. "ಇರೋ ದುಡ್ಡೆಲ್ಲಾ ಅದಕ್ಕೇ."

ಅಪ್ಪ ಎದ್ದು ಹೋದ ಮೇಲೆ ನಾನು ಕೇಳಿದೆ. "ಷೇರುದಾರರ ಸಭೇಲಿ ಅವನನ್ನ ಪ್ರಶ್ನೆ ಕೇಳೋಕೆ ತಾನೆ? ಅದಕ್ಕೆ ಒಂದು ಷೇರಿದ್ರೂ ಸಾಕಲ್ಲ ದೊಡ್ಡಮ್ಮ?"

"ಒಂದೇ ಇಟ್ಕೊಂಡು ಕೇಳಿದ್ರೆ ಹೊಟ್ಟೆಕಿಚ್ಚಿಗೆ ಬಂದವಳು ಅಂತಾರೆ. ನನ್ನ ಗಂಟೂ ಮುಳುಗೋ ಹಾಗಿದ್ರೆ, ಸುಳ್ಳು ಹೇಳ್ತಿದಾಳೆ ಅನ್ನೋಕೆ ಯಾರಿಗೂ ಬಾಯಿ ಬರಲ್ಲ."

ಅಂದಿನಿಂದ ಪ್ರತಿ ತಿಂಗಳು ಅಂಗಡಿಯಿಂದ ಆ ಕಂಪನಿಯ ಒಂದು ಚೀಲ ತರುತ್ತಿದ್ದಳು. ಬಟ್ಟಲು, ಬಿಸಿನೀರು, ತಟ್ಟೆ, ಮೂರು ನಿಮಿಷ. ಚೆನ್ನಾಗಿದ್ದರೆ ಮುಖ ಸಪ್ಪಗೆ ಮಾಡಿಕೊಂಡು ಬೀದಿನಾಯಿಗಳಿಗೆ ಹಾಕುತ್ತಿದ್ದಳು. ಮೂರು ವರ್ಷದಲ್ಲಿ ನಮ್ಮ ಬೀದಿಯ ನಾಯಿಗಳು ಮೈತುಂಬಿಕೊಂಡವು, ದೊಡ್ಡಮ್ಮ ಕಡ್ಡಿಯಾದಳು. ಮೂವತ್ತೆಂಟನೆಯ ಚೀಲದ ಬಟ್ಟಲಿನಿಂದ ತಟ್ಟೆ ಸರಿಸಿದವಳೇ ಒಬ್ಬಳೇ ಕೂತು ನಕ್ಕಳು. ಆ ನಗು ಕೇಳಿ ನನಗೆ ಹೆದರಿಕೆಯಾಯಿತು.

ಆ ವಾರವೇ ಷೇರುದಾರರ ವಾರ್ಷಿಕ ಸಭೆ. ದೊಡ್ಡ ಹಾಲ್, ಮುನ್ನೂರು ಕುರ್ಚಿ. ಗೇಟಿನವನು ಅವಳ ಕೈಚೀಲ ತೆರೆಸಿದಾಗ ಬಟ್ಟಲು, ತಟ್ಟೆ, ಡಬ್ಬಿ, ಫ್ಲಾಸ್ಕು ಕಂಡು ಊಟವೆಂದುಕೊಂಡು, ಮುದುಕಿಗೆ ಆಸರೆಯೆಂದು ನನ್ನನ್ನೂ ಸೇರಿಸಿ ಒಳಗೆ ಬಿಟ್ಟ. ಮೈಕು ಕೈಗೆ ಬಂದಾಗ ದೊಡ್ಡಮ್ಮ ನೇರ ವೇದಿಕೆಯ ಮುಂದೆ ಹೋಗಿ ಎರಡು ಬಟ್ಟಲಿಟ್ಟು, ಡಬ್ಬಿಗಳಿಂದ ಕಾಳು ಸುರಿದಳು.

"ಎರಡೂ ನಮ್ಮ ಕಂಪನಿಯ ಮಾಲೇ ಸಾಹೇಬ್ರೇ, ಅಂಗಡೀಲಿ ತಗೊಂಡಿದ್ದು. ಒಂದು ಒಳ್ಳೇದು, ಒಂದು ಕೆಟ್ಟಿದೆ. ನೀವು ಮೂಸದೆ ಏನೂ ಹೊರಗೆ ಹೋಗಲ್ಲವಲ್ಲ. ಯಾವುದು ಒಳ್ಳೇದು ಹೇಳಿ."

ಅಳಿಯ ಅವಳನ್ನು ಗುರುತು ಹಿಡಿಯಲಿಲ್ಲ. ಪಕ್ಕದವನು ಬೇಡವೆಂದು ತೋಳು ಹಿಡಿದರೂ, ಫೋಟೋದಲ್ಲಿದ್ದ ಹಾಗೆಯೇ ಒಣ ಕಾಳು ಹಿಡಿದು, ಕಣ್ಣುಮುಚ್ಚಿ ಮೂಸಿದ. ಆ ಕೆಲಸ ಗೊತ್ತಿದ್ದವರು ಯಾರೂ ಹಾಗೆ ಮೂಸುವುದಿಲ್ಲ. "ಎರಡೂ ಒಳ್ಳೇದೇ ಅಮ್ಮ," ಎಂದು ನಕ್ಕ. "ನಮ್ಮಲ್ಲಿ ಕೆಟ್ಟ ಮಾಲೇ ಇಲ್ಲ. ಬೇಕಿದ್ರೆ ನಾನೇ ತಿಂತೀನಿ." ಜನ ಚಪ್ಪಾಳೆ ತಟ್ಟಿದರು.

"ಹಾಗಾದ್ರೆ ಮೂರೇ ನಿಮಿಷ," ಎಂದು ದೊಡ್ಡಮ್ಮ ಫ್ಲಾಸ್ಕಿನಿಂದ ನೀರು ಸುರಿದು ತಟ್ಟೆ ಮುಚ್ಚಿದಳು. ಆಗ ಅವನ ಮುಖ ಬದಲಾಯಿತು. ಆ ಕೈಗಳನ್ನು ಅವನು ನೋಡಿದ್ದ.

ಎರಡನೆಯ ತಟ್ಟೆ ಸರಿಸಿದ್ದೇ ತಡ, ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. ದೊಡ್ಡಮ್ಮ ಅದರಿಂದಲೇ ಒಂದು ಚಮಚ ತೆಗೆದು ಅವನ ಕೈಗೆ ಕೊಟ್ಟಳು. ಮುನ್ನೂರು ಜನ ನೋಡುತ್ತಿದ್ದರು. ತಿನ್ನದಿದ್ದರೆ ಕಂಪನಿಯ ಮಾನ ಅಲ್ಲೇ ಹೋಗುತ್ತಿತ್ತು. ಬಾಯಿಗಿಟ್ಟ. ಕಣ್ಣಲ್ಲಿ ನೀರು ಬಂತು, ಕರವಸ್ತ್ರಕ್ಕೆ ತಡಕಾಡಿದ.

"ಉಗೀಬೇಡಿ," ಎಂದಳು ದೊಡ್ಡಮ್ಮ, ಮೈಕಿನಲ್ಲೇ. "ಅವತ್ತು ನನ್ನ ಮುಖಕ್ಕೆ ಉಗಿಸಿದ್ರಿ. ಇದನ್ನ ನುಂಗಿ."

ನುಂಗಿದ. ನನಗೆ ಖುಷಿಯಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ದೊಡ್ಡಮ್ಮ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿಸದೆ ಬಟ್ಟಲು ತೊಳೆಯಲು ನಲ್ಲಿ ಎಲ್ಲಿದೆ ಎಂದು ಗೇಟಿನವನನ್ನು ಕೇಳಿದಳು.

ವಾರದೊಳಗೆ ಷೇರಿನ ಬೆಲೆ ಅರ್ಧಕ್ಕಿಳಿಯಿತು. ದೊಡ್ಡಮ್ಮನ ಗಂಟೂ ಅರ್ಧವಾಯಿತು. ಅಪ್ಪ ಏದುಸಿರು ಬಿಡುತ್ತ ಓಡಿಬಂದರು. "ಅತ್ತಿಗೆ, ಸೇಡು ತೀರ್ತಲ್ಲ. ಉಳಿದದ್ದನ್ನಾದ್ರೂ ಇವತ್ತೇ ಮಾರ್ಬಿಡಿ. ಮುಂದೆ ನಿಮಗೆ ಊಟಕ್ಕೇನು ಗತಿ?"

ದೊಡ್ಡಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ಮಾರಿದ್ರೆ ಬರೋ ವರ್ಷ ಸಭೆಗೆ ನನ್ನನ್ನ ಒಳಗೆ ಬಿಡಲ್ಲ," ಎಂದಳು.