ಅಣ್ಣನ ಹೆಸರಿನ ಖಾತೆ

ನಮ್ಮಕ್ಕ ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಕಿಟಕಿ ಇಲ್ಲದ ಕೋಣೆ, ಹಬೆಗೆ ಗೋಡೆಯ ಬಣ್ಣವೆಲ್ಲ ಎದ್ದುಹೋಗಿದೆ. ಭಾವ ತೀರಿಕೊಂಡ ಮೇಲೆ ಅವಳಿಗಿದ್ದದ್ದು ಒಬ್ಬಳೇ ಮಗಳು, ಒಂದೇ ಹಟ: ಮಗಳು ಕಾಲೇಜು ಓದಿ ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ನರ್ಸ್ ಆಗಬೇಕು.

ಅಣ್ಣ ಕಚೇರಿ ಕೆಲಸದವನು. ಮನೆಯಲ್ಲಿ ಅವನು ಆಡಿದ್ದೇ ವೇದವಾಕ್ಯ. ಕಾಲೇಜು ಖರ್ಚಿಗೆಂದೇ ಒಂದು ಉಳಿತಾಯ ಖಾತೆ ಇದೆ, ಕಟ್ಟಿದ ಹಣಕ್ಕೆ ತೆರಿಗೆ ರಿಯಾಯಿತಿ, ಬಡ್ಡಿಗೂ ತೆರಿಗೆ ಇಲ್ಲ ಎಂದು ಹೇಳಿದವನು ಅವನೇ.

"ಆದ್ರೆ ನಿನ್ನ ಸಂಬಳಕ್ಕೆ ತೆರಿಗೇನೇ ಬೀಳಲ್ವಲ್ಲೇ, ರಿಯಾಯಿತಿ ಎಲ್ಲಿಂದ ಬರುತ್ತೆ? ನನ್ನ ಹೆಸರಲ್ಲಿ ಮಾಡೋಣ, ಓದೋಳು ನಿನ್ನ ಮಗಳು ಅಂತ ಬರೆಸ್ತೀನಿ. ಸುಮ್ನೆ ಯಾಕೆ ಬಿಡೋದು?"

ನನಗೂ ಆಗ ಅದು ಜಾಣತನವೆಂದೇ ಅನ್ನಿಸಿತ್ತು. ಅಕ್ಕ ಪ್ರತಿ ಸಂಬಳದ ದಿನ ನೇರ ಅವನ ಮನೆಗೆ ಹೋಗಿ ಹಣ ಕೊಟ್ಟು ಬರುತ್ತಿದ್ದಳು. ಕಿತ್ತ ಚಪ್ಪಲಿಗೆ ಹೊಲಿಗೆ ಹಾಕಿಸಿದಳೇ ಹೊರತು ಒಂದು ತಿಂಗಳೂ ತಪ್ಪಿಸಲಿಲ್ಲ. ವರ್ಷಕ್ಕೊಮ್ಮೆ ತನಗೆ ತೆರಿಗೆ ವಾಪಸ್ ಬಂದಾಗ ಅಣ್ಣ ಒಂದು ಡಬ್ಬಿ ಸಿಹಿ ತರುತ್ತಿದ್ದ. "ನಮ್ಮಣ್ಣ ಮರೆಯಲ್ಲ ನೋಡ್ರೇ" ಎಂದು ಅಕ್ಕ ಲಾಂಡ್ರಿಗೆಲ್ಲ ಹಂಚುತ್ತಿದ್ದಳು. ಅವಳದೇ ದುಡ್ಡಿನ ಸಿಹಿ!

ಈ ವರ್ಷ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತು. ಹಣಕ್ಕೆಂದು ನಾವು ಮೂವರೂ ಹೋದರೆ ಅಣ್ಣ ಫ್ಯಾನ್ ನೋಡುತ್ತಾ ವಿಷಯ ಹೇಳಿದ. ಖಾತೆ ಯಾರದೋ ಅವರು ಓದುವವರ ಹೆಸರು ಬದಲಾಯಿಸಬಹುದಂತೆ. ಬದಲಾಯಿಸಿದ್ದ. ತನ್ನ ಮಗನ ಕಾಲೇಜು ಫೀಸನ್ನೂ ಅದರಿಂದಲೇ ಕಟ್ಟಿಯಾಗಿತ್ತು.

"ಹುಡುಗಿ ತಾನೇ, ಒಂದೆರಡು ವರ್ಷ ತಡೀಲಿ. ನಾನೇನು ಕದ್ದಿಲ್ಲ. ಎಲ್ಲಾ ಕಾನೂನು ಪ್ರಕಾರಾನೇ ಆಗಿರೋದು, ಬೇಕಾದ್ರೆ ಬ್ಯಾಂಕಲ್ಲಿ ಕೇಳ್ಕೊ."

ಆಮೇಲೆ ನಾನು ಹೋಗಿ ಕೇಳಿಯೂ ಬಂದೆ. ನಿಜವಂತೆ. ಬೇಲಿಯೇ ಎದ್ದು ಹೊಲ ಮೇಯಿತು, ಮೇಯ್ದಿದ್ದಕ್ಕೆ ಬೇಲಿಯ ಹತ್ತಿರ ರಸೀದಿಯೂ ಇದೆ. ಅವನ ಮುಖ ನೋಡಲು ನನಗೆ ಈಗ ಅಸಹ್ಯ.

ಅಂದು ಅತ್ತಿಗೆ ಒಳಗಿನಿಂದ ಮಗನ ಸೀಟಿನ ಸಿಹಿ ತಂದು ಮುಂದಿಟ್ಟಳು. ಅಕ್ಕ ಡಬ್ಬಿಯನ್ನು ಗೋಡೆಗೆ ಎಸೆಯಲಿ ಎಂದು ನಾನು ಕಾದೆ. ಅವಳು ಒಂದು ತೆಗೆದು ಮಗಳ ಕೈಗಿಟ್ಟಳು.

"ತಿನ್ನು, ನಾಚ್ಕೋಬೇಡ. ನಮ್ಮದೇ."

ಈಗ ಮಗಳೂ ನೆಲಮಾಳಿಗೆಗೆ ಕೆಲಸಕ್ಕೆ ಹೋಗುತ್ತಾಳೆ. ತಾಯಿ ಮಗಳು ಎದುರುಬದುರು ನಿಂತು ಹಾಸಿಗೆಯ ಬಟ್ಟೆ ಮಡಚುತ್ತಾರೆ. ನರ್ಸುಗಳ ಸಮವಸ್ತ್ರದ ಗಂಟು ಬಂದರೆ ಮಾತ್ರ ಅಕ್ಕ ಮಗಳಿಗೆ ಮುಟ್ಟಲು ಬಿಡುವುದಿಲ್ಲ, ತಾನೇ ಇಸ್ತ್ರಿ ಮಾಡುತ್ತಾಳೆ.